ಪಿಂಗ್ ಬರುತ್ತಿತ್ತು, ಫೈಲ್ ಬರುತ್ತಿರಲಿಲ್ಲ

ನೆಟ್‌ವರ್ಕ್ ಕೆಲಸಕ್ಕೆ ಸೇರಿ 8 ತಿಂಗಳಾಗಿದ್ದಾಗ ನಾನು ಬರೆದ ಒಂದು ನಿಯಮಪಟ್ಟಿ ಸುಮಾರು 300 ಜನರ ಕೆಲಸವನ್ನು ಎರಡೂವರೆ ದಿನ ಕುಂಟಿಸಿತು. ಪೂರ್ತಿ ನಿಲ್ಲಿಸಿಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಪತ್ತೆಯಾಗುತ್ತಿತ್ತು. ಅರೆಬರೆ ನಡೆಯುತ್ತಿದ್ದುದರಿಂದಲೇ ಅಷ್ಟು ಹೊತ್ತು ಹಿಡಿಯಿತು. ಕಚೇರಿಯ ಜಾಲವನ್ನು ಕ್ಲೌಡ್‌ಗೆ ಜೋಡಿಸುವ, ಜೋಡಿಸಿದ್ದನ್ನು ಭದ್ರಪಡಿಸುವ ಕೆಲಸವನ್ನು ಈಗ ಕಲಿಯುತ್ತಿರುವವರು ಇದೇ ಹಳ್ಳಕ್ಕೆ ಬೀಳುವುದನ್ನು ಆಮೇಲೆ ಹಲವು ಸಲ ನೋಡಿದ್ದೇನೆ. ಅದಕ್ಕೇ ಲೆಕ್ಕ ಸಮೇತ ಬರೆದಿಡುತ್ತಿದ್ದೇನೆ.

ಜಾಲ ಹೇಗಿತ್ತು

ಕಚೇರಿಯ ವಿಳಾಸಗಳು 10.10.0.0/16, ಕ್ಲೌಡ್‌ನವು 10.20.0.0/16. ಎರಡೂ ಒಂದರ ಮೇಲೊಂದು ಬೀಳದಂತೆ ಮೊದಲೇ ಬೇರೆಬೇರೆ ಇಟ್ಟದ್ದು ನಮ್ಮ ಹಿರಿಯ ಎಂಜಿನಿಯರ್ ಮೇಡಂ ಅವರ ಮುಂದಾಲೋಚನೆ. ಕ್ಲೌಡ್‌ನಲ್ಲಿ ಎರಡು ವಲಯಗಳು. ಪ್ರತಿ ವಲಯದಲ್ಲೂ ವೆಬ್, ಆ್ಯಪ್, ಡೇಟಾಬೇಸ್ ಎಂದು ಮೂರು ಸಬ್‌ನೆಟ್ (ಜಾಲದ ಒಳಭಾಗ). ಕಚೇರಿಗೂ ಕ್ಲೌಡ್‌ಗೂ ನಡುವೆ ಐಪಿಸೆಕ್ ಟನಲ್, ಅಂದರೆ ಮಾಹಿತಿ ಗೂಢಲಿಪಿಯಲ್ಲಿ ಸಾಗುವ ಸುರಂಗದಾರಿ. ಅದರ ಒಂದು ತುದಿಯಲ್ಲಿ ಕಚೇರಿಯ ಫೈರ್‌ವಾಲ್, ಇನ್ನೊಂದು ತುದಿಯಲ್ಲಿ ಲಿನಕ್ಸ್ ಓಡುವ ಒಂದು ವರ್ಚುವಲ್ ಮೆಷೀನ್. ಗೇಟ್‌ವೇ ಆಗಿದ್ದ ಆ ಮೆಷೀನ್‌ಗೆ ಪ್ರತ್ಯೇಕ ಸಬ್‌ನೆಟ್ ಇತ್ತು.

ಕ್ಲೌಡ್ ಕಡೆ ಕಾವಲು ಎರಡು ಪದರದ್ದು. ಸರ್ವರ್‌ಗೆ ಅಂಟಿಕೊಂಡ ನಿಯಮಗಳದ್ದು ಒಂದು ಪದರ. ಅದಕ್ಕೆ ನೆನಪಿದೆ, ಹೊರಗೆ ಹೋದ ಮಾತಿಗೆ ಬಂದ ಉತ್ತರವನ್ನು ತಾನೇ ಒಳಗೆ ಬಿಡುತ್ತದೆ. ಸಬ್‌ನೆಟ್‌ನ ಬಾಗಿಲಲ್ಲಿರುವ ನಿಯಮಪಟ್ಟಿ ಇನ್ನೊಂದು ಪದರ. ಅದಕ್ಕೆ ನೆನಪೇ ಇಲ್ಲ. ಮಾಹಿತಿಯ ಪ್ರತಿ ತುಣುಕನ್ನೂ, ಅಂದರೆ ಪ್ಯಾಕೆಟ್ಟನ್ನೂ, ಹೊಸಬನಂತೆ ನಿಲ್ಲಿಸಿ, ಪಟ್ಟಿಯಲ್ಲಿ ಹೆಸರಿದ್ದರೆ ಬಿಡುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಬಿಸಾಡುತ್ತದೆ. ಈ ವ್ಯತ್ಯಾಸ ನನಗೆ ಪರೀಕ್ಷೆಯಲ್ಲಿ ಬರೆಯುವಷ್ಟು ಚೆನ್ನಾಗಿ ಗೊತ್ತಿತ್ತು. ಅದರಿಂದ ಏನೇನು ಆಗಬಹುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಸಬ್‌ನೆಟ್ ಪಟ್ಟಿಗಳನ್ನು ಬಿಗಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಯಾರೋ ಎಂದೋ ಮಾಡಿಟ್ಟಿದ್ದ ತಪಾಸಣೆ ಪಟ್ಟಿಯೊಂದು ಕೈಯಲ್ಲಿತ್ತು. ಬೇಡದ ಪೋರ್ಟ್‌ಗಳನ್ನು ಮುಚ್ಚಿ, ಡೇಟಾಬೇಸ್‌ಗೆ ಆ್ಯಪ್ ಸಬ್‌ನೆಟ್‌ನಿಂದ ಮಾತ್ರ ದಾರಿ ಕೊಡಿ ಎಂಬ ಒಳ್ಳೆಯ ಸಾಲುಗಳ ನಡುವೆ "ಐಸಿಎಂಪಿ ಮುಚ್ಚಿ" ಎಂದೂ ಇತ್ತು. (ಐಸಿಎಂಪಿ ಎಂದರೆ ಜಾಲದ ಯಂತ್ರಗಳು ಒಂದಕ್ಕೊಂದು ಸುದ್ದಿ ಕಳಿಸುವ ವಿಧಾನ; ಇದ್ದೀಯಾ ಎಂದು ಕೇಳಿ ಉತ್ತರ ಪಡೆಯುವ ಪಿಂಗ್ ಅದರ ಭಾಗ.) ಏಕೆ ಎಂದು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಸರ್ವರ್ ಬದುಕಿದೆಯೇ ಎಂದು ನೋಡುವ ನಿಗಾ ವ್ಯವಸ್ಥೆಗೆ ಪಿಂಗ್ ಬೇಕಲ್ಲ ಎಂದು ಜಾಣತನ ತೋರಿಸಿ, ಎಕೋ ಕೋರಿಕೆ ಮತ್ತು ಎಕೋ ಉತ್ತರ, ಅಂದರೆ ಟೈಪ್ 8 ಮತ್ತು ಟೈಪ್ 0, ಇವೆರಡನ್ನು ಉಳಿಸಿ ಮಿಕ್ಕ ಐಸಿಎಂಪಿಯನ್ನೆಲ್ಲ ಎರಡೂ ವಲಯಗಳಲ್ಲಿ ಮುಚ್ಚಿದೆ. ಆ ಜಾಣತನವೇ ಆಮೇಲೆ ಎಲ್ಲರನ್ನೂ ದಾರಿ ತಪ್ಪಿಸಿತು.

ಶನಿವಾರ ರಾತ್ರಿ ಬದಲಾವಣೆ. ಕ್ರಮ ತಪ್ಪದೆ ಮಾಡಿದೆ: ಮೊದಲು ಕಚೇರಿಯ ಒಂದು ಪಿಸಿಯಿಂದ ಕ್ಲೌಡ್ ಸರ್ವರ್‌ನ ದೊಡ್ಡ ಫೈಲೊಂದನ್ನು ಇಳಿಸಿಕೊಂಡೆ, ನಿಯಮ ಹಾಕಿದೆ, ಕೂಡಲೇ ಅದೇ ಪಿಸಿಯಿಂದ ಅದೇ ಫೈಲನ್ನು ಮತ್ತೆ ಇಳಿಸಿಕೊಂಡೆ. ಎರಡು ಸಲವೂ ಅದೇ ವೇಗ. ಎಲ್ಲ ಸರಿ ಎಂದು ವರದಿ ಬರೆದು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಫ್ಲೋ ಲಾಗ್ (ಏನನ್ನು ಬಿಟ್ಟಿತು, ಏನನ್ನು ತಡೆಯಿತು ಎಂಬ ದಾಖಲೆ) ತೆರೆದರೆ ತಿರಸ್ಕರಿಸಿದ ಪ್ಯಾಕೆಟ್‌ಗಳ ಉದ್ದ ಸಾಲು. ಪ್ರೋಟೋಕಾಲ್ ಸಂಖ್ಯೆ 1, ಅಂದರೆ ಐಸಿಎಂಪಿ. ಕಳಿಸಿದ ವಿಳಾಸ ನಮ್ಮದೇ ಗೇಟ್‌ವೇಯದು. ನಿಯಮ ಕೆಲಸ ಮಾಡುತ್ತಿದೆ ಎಂದು ಹಿಗ್ಗಿ, ಆ ಎಣಿಕೆಯನ್ನು ವರದಿಗೆ ಸೇರಿಸಿದೆ. ನಮ್ಮದೇ ಗೇಟ್‌ವೇ ನಮ್ಮದೇ ಸರ್ವರ್‌ಗೆ ಏನೋ ಹೇಳಲು ಬೆಳಗಿನಿಂದ ಬಾಯಿ ಬಡಿದುಕೊಳ್ಳುತ್ತಿದೆ ಎಂದು ಹೊಳೆಯಲೇ ಇಲ್ಲ.

ಮೂರು ದೂರು

ಹತ್ತು ಗಂಟೆಯ ಹೊತ್ತಿಗೆ ದೂರುಗಳು ಶುರುವಾದವು. ಲೆಕ್ಕಪತ್ರ ವಿಭಾಗದವರ ಪ್ರೋಗ್ರಾಂನಲ್ಲಿ ಲಾಗಿನ್ ಆಗುತ್ತದೆ, ಒಂದೊಂದೇ ದಾಖಲೆ ತೆರೆಯುತ್ತದೆ, ಪೂರ್ತಿ ಪಟ್ಟಿ ಕೇಳಿದರೆ ಪರದೆ ಹಾಗೇ ನಿಂತುಬಿಡುತ್ತದೆ. ಒಳಗಿನ ಪೋರ್ಟಲ್ ತೆರೆಯುವುದೇ ಇಲ್ಲ. ಬ್ರೌಸರ್ ಸುರಕ್ಷಿತ ಸಂಪರ್ಕ ಮಾಡಿಕೊಳ್ಳುವ ಹಂತದಲ್ಲೇ ಸುತ್ತುತ್ತಿರುತ್ತದೆ. ಸರ್ವರ್ ನೋಡಿಕೊಳ್ಳುವವರು ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗುತ್ತಾರೆ, ಸಣ್ಣ ಆದೇಶಗಳಿಗೆ ಉತ್ತರ ಬರುತ್ತದೆ, ಉದ್ದನೆಯ ಫೈಲ್ ಪಟ್ಟಿ ಕೇಳಿದರೆ ಕಿಟಕಿ ಹೆಪ್ಪುಗಟ್ಟುತ್ತದೆ.

ದೂರು ಮೂರಾದ್ದರಿಂದ ಮೂರು ತಂಡ ಮೂರು ದಿಕ್ಕಿಗೆ ಹೊರಟವು. ಪೋರ್ಟಲ್‌ನ ಸರ್ಟಿಫಿಕೇಟ್ ಹಿಂದಿನ ವಾರವಷ್ಟೇ ನವೀಕರಣವಾಗಿತ್ತು, ಹಾಗಾಗಿ ಸಂಶಯವೆಲ್ಲ ಅದರ ಮೇಲೆ. ಲೆಕ್ಕಪತ್ರದ ಪಟ್ಟಿ ನಿಲ್ಲುವುದಕ್ಕೆ ಡೇಟಾಬೇಸ್ ನಿಧಾನವಾಗಿದೆ ಎಂಬ ವ್ಯಾಖ್ಯಾನ. ಜಾಲದ ಬಗ್ಗೆ ಯಾರಾದರೂ ಬಾಯಿ ತೆರೆದರೆ ನಾನು ಪಿಂಗ್ ತೋರಿಸುತ್ತಿದ್ದೆ: ಒಂದೂ ಕಳೆದುಹೋಗಿಲ್ಲ, ತಡವೂ ಎಂದಿನಷ್ಟೇ. ವಿಂಡೋಸ್‌ನ ಪಿಂಗ್ ಹೊರುವುದು 32 ಬೈಟ್, ಲಿನಕ್ಸ್‌ನದು 56. ಅಷ್ಟು ಸಣ್ಣದು ದಾಟಿತೆಂದರೆ ದೊಡ್ಡದೂ ದಾಟುತ್ತದೆ ಎಂದು ಯಾವ ಧೈರ್ಯದ ಮೇಲೆ ನಂಬಿದ್ದೆನೋ!

ಮನೆಯಿಂದ ಕೆಲಸ ಮಾಡುವವರಿಗೆ ಯಾವ ತೊಂದರೆಯೂ ಇಲ್ಲ ಎಂಬ ಇನ್ನೊಂದು ಸುದ್ದಿ ಬಂತು. ಅವರು ವಿಪಿಎನ್ ಮೂಲಕ ಕಚೇರಿಯ ಫೈರ್‌ವಾಲ್‌ಗೆ ಬಂದು, ಅದೇ ಟನಲ್ ಹಾದು ಕ್ಲೌಡ್‌ಗೆ ಹೋಗುವವರು. ಅಂದರೆ ಟನಲ್ ಸರಿಯಿದೆ, ಕೆಟ್ಟಿರುವುದು ಕಚೇರಿಯ ಒಳಜಾಲ ಎಂದು ತೀರ್ಮಾನಿಸಿದೆವು. ಮಂಗಳವಾರ ಮಧ್ಯಾಹ್ನ ಒಂದು ಸ್ವಿಚ್ಚನ್ನೇ ಬದಲಿಸಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಮನೆಯವರ ವಿಪಿಎನ್ ಸಾಫ್ಟ್‌ವೇರ್ ತನ್ನ ಇಂಟರ್‌ಫೇಸ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು, 1300 ಬೈಟ್‌ಗೆ ಇಳಿಸಿಕೊಂಡಿತ್ತು. ಅವರಿಗೆ ದೊಡ್ಡ ಪ್ಯಾಕೆಟ್ ಬರುವ ಪ್ರಮೇಯವೇ ಇರಲಿಲ್ಲ. ಇಡೀ ಪ್ರಕರಣದ ಅತ್ಯುತ್ತಮ ಸುಳಿವು ಅದು. ನಾವು ಅದನ್ನು ತಲೆಕೆಳಗಾಗಿ ಓದಿದೆವು.

ಇನ್ನೂ ಒಂದು ಸುಳಿವು ಕಣ್ಣೆದುರೇ ಇತ್ತು. ಕಚೇರಿಯಿಂದ ಕ್ಲೌಡ್‌ಗೆ ಎಷ್ಟು ದೊಡ್ಡ ಫೈಲ್ ಬೇಕಾದರೂ ಏರುತ್ತಿತ್ತು. ಕ್ಲೌಡ್‌ನಿಂದ ಇಳಿಯುವಾಗ ಮಾತ್ರ ಸಿಕ್ಕಿಕೊಳ್ಳುತ್ತಿತ್ತು.

1410 ಮತ್ತು 1411

ರಜೆ ಮುಗಿಸಿ ಮೇಡಂ ಬಂದದ್ದು ಬುಧವಾರ. ನಾನು ಪಟ್ಟಿ ಹಿಡಿದು ಒಪ್ಪಿಸತೊಡಗಿದೆ. ಅರ್ಧಕ್ಕೇ ತಡೆದು, "ಏನು ಬರ್ತಿದೆ, ಏನು ಬರ್ತಿಲ್ಲ ಅನ್ನೋದು ಬಿಡು. ಎಷ್ಟು ದೊಡ್ಡದು ಬರ್ತಿದೆ, ಅದನ್ನ ಹೇಳು" ಅಂದರು.

ಪಿಂಗ್‌ಗೆ ಗಾತ್ರ ಕೊಡಬಹುದು. ಜೊತೆಗೆ ಡಿಎಫ್ ಎಂಬ ಬಿಟ್ಟನ್ನೂ ಏರಿಸಬಹುದು. ಹಾಗೆ ಮಾಡಿದರೆ ದಾರಿಯಲ್ಲಿ ಯಾರೂ ಆ ಪ್ಯಾಕೆಟ್ಟನ್ನು ತುಂಡು ಮಾಡುವಂತಿಲ್ಲ. ಸರ್ವರ್‌ನಿಂದ ಕಚೇರಿಯ ಪಿಸಿಗೆ ಹೀಗೆ ಕಳಿಸಿದೆ. 1472 ಬೈಟ್: ಮೌನ. 1300: ಬಂತು. 1400: ಬಂತು. 1450: ಮೌನ. ನಡುವಿನ ಅಂತರವನ್ನು ಅರ್ಧರ್ಧ ಮಾಡುತ್ತಾ ಹೋದರೆ 1410 ದಾಟಿತು, 1411 ದಾಟಲಿಲ್ಲ.

ಈಥರ್ನೆಟ್‌ನಲ್ಲಿ ಒಂದು ಐಪಿ ಪ್ಯಾಕೆಟ್‌ನ ಮಿತಿ 1500 ಬೈಟ್. ಪಿಂಗ್‌ನ ಹೂರಣಕ್ಕೆ ಐಪಿ ಹೆಡರ್‌ನ (ಪ್ಯಾಕೆಟ್‌ನ ಮುಂದಿರುವ ವಿಳಾಸಚೀಟಿ) 20 ಮತ್ತು ಐಸಿಎಂಪಿ ಹೆಡರ್‌ನ 8 ಕೂಡಿಸಬೇಕು. 1410 ಅಂದರೆ 1438 ಬೈಟ್‌ನ ಪ್ಯಾಕೆಟ್. ಉಳಿದ 62 ಎಲ್ಲಿ ಹೋದವು? ಟನಲ್ ಪ್ರತಿ ಪ್ಯಾಕೆಟ್ಟನ್ನೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತದೆ, ಪೆಟ್ಟಿಗೆಗೂ ಜಾಗ ಬೇಕು. ಹೊರಗಿನ ಐಪಿ ಹೆಡರ್ 20. ನಮ್ಮ ಗೇಟ್‌ವೇ ಕ್ಲೌಡ್‌ನ ವಿಳಾಸ ಬದಲಾವಣೆಯ (ನ್ಯಾಟ್) ಹಿಂದೆ ಇದ್ದುದರಿಂದ ಐಪಿಸೆಕ್ ಯುಡಿಪಿ (ಸ್ವೀಕೃತಿಗೆ ಕಾಯದ ಸಾಗಣೆ ವಿಧಾನ) 4500ನೇ ಪೋರ್ಟ್‌ನೊಳಗೆ ಸಾಗುತ್ತಿತ್ತು, ಅದಕ್ಕೆ 8. ಐಪಿಸೆಕ್‌ನದೇ ಆದ ಇಎಸ್‌ಪಿ ಹೆಡರ್ 8. ಎಇಎಸ್-ಜಿಸಿಎಂ ಎಂಬ ಗೂಢಲಿಪಿ ವಿಧಾನದ ಆರಂಭಿಕ ಮೌಲ್ಯ 8. ಕೊನೆಯ ಬಾಲ 2. ತಿದ್ದಿಲ್ಲವೆಂದು ಸಾಬೀತುಪಡಿಸುವ ಮುದ್ರೆ 16. ಕೂಡಿಸಿದರೆ 62.

ಕಾಗದದ ಮೇಲೆ ಈ ಲೆಕ್ಕ ಸರಿಹೋದಾಗ ಆದ ಸಂತೋಷ ಹೇಳತೀರದು. ಆದರೆ ಮೇಡಂ ತಣ್ಣೀರು ಎರಚಿದರು. ಟನಲ್ ಇದ್ದಲ್ಲೆಲ್ಲ ಈ 62ರ ತರಹದ ಕಡಿತ ಇದ್ದೇ ಇರುತ್ತದೆ; ಶುಕ್ರವಾರವೂ ಇತ್ತು. ಶುಕ್ರವಾರ ಹೇಗೆ ನಡೆಯುತ್ತಿತ್ತು ಎಂಬುದು ಅವರ ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ಅದೇ 1411ನ್ನು ಎದುರು ದಿಕ್ಕಿನಿಂದ ಕಳಿಸಿದಾಗ. ಕಚೇರಿಯ ಪಿಸಿಯಿಂದ ಹೊರಟ ಪಿಂಗ್‌ಗೆ ಕಚೇರಿಯ ಫೈರ್‌ವಾಲ್ ಕೂಡಲೇ ಉತ್ತರಿಸಿತು: ಇದು ದೊಡ್ಡದಾಯಿತು, ತುಂಡು ಮಾಡಬೇಕು, ಆದರೆ ಮಾಡಬಾರದೆಂದು ನೀನೇ ಗುರುತು ಹಾಕಿದ್ದೀಯ. ಕ್ಲೌಡ್ ಕಡೆಯಿಂದ ಅಂಥ ಉತ್ತರವೇ ಇಲ್ಲ.

ಎರಡು ಕಡೆ ಒಟ್ಟಿಗೆ ಟ್ರೇಸ್ (ಹಾದುಹೋಗುವ ಪ್ಯಾಕೆಟ್‌ಗಳ ದಾಖಲೆ) ಹಿಡಿದೆವು, ಸರ್ವರ್‌ನಲ್ಲೊಂದು, ಗೇಟ್‌ವೇಯಲ್ಲೊಂದು. (ಸರ್ವರ್‌ನ ಟ್ರೇಸ್‌ನಲ್ಲಿ 1500ಕ್ಕಿಂತ ಎಷ್ಟೋ ದೊಡ್ಡ ಪ್ಯಾಕೆಟ್‌ಗಳು ಕಂಡು ನಾನು ಕುಣಿದಾಡಿದೆ. ಕತ್ತರಿಸುವ ಕೆಲಸವನ್ನು ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟಾಗ, ಕಾರ್ಡ್ ತಲುಪುವ ಮೊದಲೇ ಹಿಡಿದ ಟ್ರೇಸ್ ಹಾಗೆಯೇ ಕಾಣುತ್ತದೆ. ಹೊಸಬರು ಇದನ್ನು ನೆನಪಿಟ್ಟುಕೊಂಡರೆ ಒಂದು ಗಂಟೆ ಉಳಿಯುತ್ತದೆ.) ಸರ್ವರ್‌ನಲ್ಲಿ ಕಂಡದ್ದು: ಟಿಸಿಪಿ ಸಂಪರ್ಕ ಶುರುಮಾಡುವ ಮೂರು ಹೆಜ್ಜೆಯ ಕೈಕುಲುಕು ಮುಗಿಯಿತು, ಎರಡೂ ಕಡೆಯವರು ಎಂಎಸ್‌ಎಸ್ (ಹೆಡರ್ ಬಿಟ್ಟು ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಮಾಹಿತಿ) 1460 ಎಂದು ಒಪ್ಪಿಕೊಂಡರು, ಸರ್ವರ್ ತುಂಬು ಗಾತ್ರದ ಪ್ಯಾಕೆಟ್ ಕಳಿಸಿತು, ಸ್ವೀಕೃತಿ ಬರಲಿಲ್ಲ, ಮತ್ತೆ ಕಳಿಸಿತು, ಬರಲಿಲ್ಲ, ಕಾಯುವ ಹೊತ್ತನ್ನು ಇಮ್ಮಡಿ ಮಾಡಿಕೊಂಡು ಮತ್ತೆ ಕಳಿಸಿತು. ಲಿನಕ್ಸ್ ತನ್ನ ಮೂಲ ಹೊಂದಾಣಿಕೆಯಲ್ಲಿ 15 ಸಲ ಹೀಗೆ ಪ್ರಯತ್ನಿಸಿ, ಸುಮಾರು ಕಾಲು ಗಂಟೆ ಕಳೆದ ಮೇಲೆ ಕೈಬಿಡುತ್ತದೆ. ಬಳಕೆದಾರರಿಗೆ ದೋಷದ ಸಂದೇಶ ಕಾಣದೆ ಬರೀ ಹೆಪ್ಪುಗಟ್ಟಿದ ಪರದೆ ಕಂಡದ್ದು ಇದಕ್ಕೇ.

ಗೇಟ್‌ವೇಯ ಟ್ರೇಸ್‌ನಲ್ಲಿ ಮಿಕ್ಕ ಅರ್ಧ ಕಥೆ ಇತ್ತು. ದೊಡ್ಡ ಪ್ಯಾಕೆಟ್ ಬಂದಾಗಲೆಲ್ಲ ಗೇಟ್‌ವೇ ಸರ್ವರ್‌ಗೆ ಐಸಿಎಂಪಿ ಟೈಪ್ 3, ಕೋಡ್ 4 ಕಳಿಸುತ್ತಿತ್ತು: ತುಂಡು ಮಾಡಬೇಕಿದೆ, ನನ್ನ ಮಿತಿ 1438. ಸರ್ವರ್‌ನ ಟ್ರೇಸ್‌ನಲ್ಲಿ ಆ ಸಂದೇಶ ಒಂದೂ ಇಲ್ಲ. ನಡುವೆ ಇದ್ದದ್ದು ನನ್ನ ನಿಯಮಪಟ್ಟಿ.

ಮುಚ್ಚಿದ್ದು ಯಾವ ಬಾಗಿಲು

ಐಸಿಎಂಪಿ ಎಂದರೆ ಪಿಂಗ್ ಎಂಬುದು ನನ್ನ ತಿಳಿವಳಿಕೆಯಾಗಿತ್ತು. 1981ರ ಆರ್‌ಎಫ್‌ಸಿ 792 (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ವಿಧಾನಗಳನ್ನು ವಿವರಿಸುವ ದಾಖಲೆ) ಅದನ್ನು ವಿವರಿಸುವುದು ಜಾಲ ತನ್ನ ಕಷ್ಟಗಳನ್ನು ಕಳಿಸಿದವನಿಗೆ ತಿಳಿಸುವ ವ್ಯವಸ್ಥೆಯೆಂದು. ಪಿಂಗ್ ಅದರಲ್ಲಿ ಒಂದು ಮೂಲೆ. 1990ರ ಆರ್‌ಎಫ್‌ಸಿ 1191 ಇದೇ ಸಂದೇಶದ ಮೇಲೆ ಒಂದು ಜಾಣ ಉಪಾಯ ಕಟ್ಟಿತು. ದಾರಿಯುದ್ದಕ್ಕೂ ಎಲ್ಲಿ ಎಷ್ಟು ಇಕ್ಕಟ್ಟಿದೆ ಎಂದು ಕಳಿಸುವವನಿಗೆ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಡಿಎಫ್ ಬಿಟ್ ಏರಿಸಿ ದೊಡ್ಡದನ್ನೇ ಕಳಿಸು. ಇಕ್ಕಟ್ಟಿನ ಜಾಗದ ರೂಟರ್ ಅದನ್ನು ಬಿಸಾಡಿ ತನ್ನ ಮಿತಿಯನ್ನು ಹೇಳಿ ಕಳಿಸುತ್ತದೆ. ಮುಂದಿನದನ್ನು ಆ ಅಳತೆಗೆ ಕತ್ತರಿಸು. ಇಡೀ ಉಪಾಯ ನಿಂತಿರುವುದು ಆ ಒಂದು ಮರುಸಂದೇಶದ ಮೇಲೆ. ಅದನ್ನು ನುಂಗಿದರೆ ಪ್ಯಾಕೆಟ್ ಕಪ್ಪುಕುಳಿಗೆ ಬಿದ್ದಂತೆ. 2000ದ ಆರ್‌ಎಫ್‌ಸಿ 2923 ಈ ತೊಂದರೆಯನ್ನು ಅದೇ ಹೆಸರಿನಿಂದ ಕರೆದು ವಿವರಿಸಿದೆ. ನಾನು ಹೊಸದೇನೂ ಕಂಡುಹಿಡಿದಿರಲಿಲ್ಲ.

ಐಸಿಎಂಪಿ ಮುಚ್ಚುವ ಅಭ್ಯಾಸಕ್ಕೂ ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಅತಿ ದೊಡ್ಡ ಪಿಂಗ್ ಕಳಿಸಿ ಯಂತ್ರಗಳನ್ನು ಕೆಡವುತ್ತಿದ್ದರು, ಪ್ರಸಾರ ವಿಳಾಸಕ್ಕೆ ಪಿಂಗ್ ಮಾಡಿ ಅದರ ಉತ್ತರಗಳ ಪ್ರವಾಹವನ್ನು ಬೇರೊಬ್ಬರ ಮೇಲೆ ತಿರುಗಿಸುತ್ತಿದ್ದರು. ಆ ಭಯ ತಪಾಸಣೆ ಪಟ್ಟಿಗಳಲ್ಲಿ ಒಂದು ಸಾಲಾಗಿ ಉಳಿದು, ಕಾರಣ ಉದುರಿಹೋಗಿ, ಸಾಲು ಮಾತ್ರ ಕೈಯಿಂದ ಕೈಗೆ ಬಂದಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ವಿಪರ್ಯಾಸವೆಂದರೆ ಆ ದಾಳಿಗಳೆರಡೂ ಬಂದದ್ದು ಪಿಂಗ್‌ನಿಂದ, ಮತ್ತು ನಾನು ತೆರೆದಿಟ್ಟಿದ್ದು ಪಿಂಗನ್ನೇ.

ಹಾಗಾದರೆ ಶನಿವಾರ ರಾತ್ರಿಯ ಪರೀಕ್ಷೆ ಪಾಸಾದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಸರ್ಟಿಫಿಕೇಟ್‌ಗಿಂತ, ಸ್ವಿಚ್‌ಗಿಂತ ಹೆಚ್ಚು ಕಾಡಿತು. ಲಿನಕ್ಸ್ ಹೀಗೆ ತಿಳಿದುಕೊಂಡ ಮಿತಿಯನ್ನು ಪ್ರತಿ ಗುರಿ ವಿಳಾಸಕ್ಕೂ ಬೇರೆಬೇರೆಯಾಗಿ ನೆನಪಿಡುತ್ತದೆ, ಮೂಲ ಹೊಂದಾಣಿಕೆಯಲ್ಲಿ 600 ಸೆಕೆಂಡ್. ನಿಯಮ ಹಾಕುವ ಮೊದಲು ನಾನು ಮಾಡಿದ ಇಳಿಕೆಯಲ್ಲಿ ಸರ್ವರ್ ನನ್ನ ಪಿಸಿಯ ದಾರಿಗೆ 1438 ಎಂದು ಕಲಿತಿತ್ತು. ನಿಯಮ ಹಾಕಿ ಎರಡೇ ನಿಮಿಷದಲ್ಲಿ ಮತ್ತೆ ಇಳಿಸಿಕೊಂಡಾಗ ಅದು ಹಳೆಯ ನೆನಪಿನಿಂದಲೇ ಸಣ್ಣದಾಗಿ ಕತ್ತರಿಸಿ ಕಳಿಸಿತು. ಪಕ್ಕದ ಪಿಸಿಯಿಂದ ಪರೀಕ್ಷಿಸಿದ್ದರೂ, ಹನ್ನೊಂದು ನಿಮಿಷ ಸುಮ್ಮನೆ ಕುಳಿತಿದ್ದರೂ ಅಂದೇ ಸಿಕ್ಕಿಬೀಳುತ್ತಿದ್ದೆ. ಮೊದಲು ಒಮ್ಮೆ, ನಂತರ ಒಮ್ಮೆ, ಅದೇ ಯಂತ್ರದಿಂದ ಎಂಬ ನನ್ನ ಶಿಸ್ತೇ ತಪ್ಪನ್ನು ಮುಚ್ಚಿಟ್ಟಿತು.

ಮೂರು ದೂರುಗಳೂ ಈಗ ಒಂದಾದವು. ಟಿಸಿಪಿ ಮತ್ತು ಐಪಿ ಹೆಡರ್‌ಗಳ 40 ಕಳೆದರೆ 1438ರಲ್ಲಿ ದಾಟಬಲ್ಲದ್ದು 1398 ಬೈಟ್. ಲಾಗಿನ್ ಉತ್ತರ ಅದಕ್ಕಿಂತ ಚಿಕ್ಕದು, ಪಟ್ಟಿ ದೊಡ್ಡದು. ಪೋರ್ಟಲ್‌ನ ಸರ್ಟಿಫಿಕೇಟ್ ಸರಣಿ ಒಂದೇ ಆ ಅಳತೆಯನ್ನು ಮೀರುವುದರಿಂದ ಸಂಪರ್ಕ ಹುಟ್ಟುವ ಮೊದಲೇ ನಿಲ್ಲುತ್ತಿತ್ತು. ಸರ್ಟಿಫಿಕೇಟ್ ಮೇಲೆ ಸಂಶಯ ಪಟ್ಟವರು ಪೂರ್ತಿ ತಪ್ಪಿರಲಿಲ್ಲ, ಪಾಪ. ಅದರ ತೂಕ ನೋಡಬೇಕಿತ್ತು, ತಾರೀಖು ನೋಡುತ್ತಿದ್ದರು.

ದುರಸ್ತಿ

ಮೊದಲು ಜನರ ಕೆಲಸ ನಡೆಯಬೇಕಿತ್ತು. ಗೇಟ್‌ವೇಯಲ್ಲಿ ಎಂಎಸ್‌ಎಸ್‌ಗೆ ಕಡಿವಾಣ ಹಾಕಿದೆವು: ಹಾದುಹೋಗುವ ಪ್ರತಿ ಟಿಸಿಪಿ ಸಂಪರ್ಕದ ಮೊದಲ ಪ್ಯಾಕೆಟ್‌ಗಳಲ್ಲಿರುವ 1460ನ್ನು 1360 ಎಂದು ತಿದ್ದುವುದು. 1398 ಸಾಕಾಗಿದ್ದರೂ ನಾಳೆ ಗೂಢಲಿಪಿ ವಿಧಾನ ಬದಲಾದರೆ ಇರಲಿ ಎಂದು ಸ್ವಲ್ಪ ಸಡಿಲ ಬಿಟ್ಟೆವು. ಹೊಸ ಸಂಪರ್ಕಗಳೆಲ್ಲ ಆ ಕ್ಷಣದಿಂದ ಸರಿಯಾದವು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮೇಡಂ ನಿಲ್ಲಿಸಲಿಲ್ಲ, ಈ ಉಪಾಯ ಟಿಸಿಪಿಗೆ ಮಾತ್ರ, ಬೇರೆಯವರ ಗತಿಯೇನು ಎಂದರು. ಹಾಗಾಗಿ ನಿಯಮಪಟ್ಟಿಯನ್ನೂ ತಿದ್ದಿದೆ. ಟೈಪ್ 3 ಕೋಡ್ 4ಕ್ಕೆ ದಾರಿ, ದಾರಿಯ ಜಾಡು ನೋಡಲು ಬೇಕಾಗುವ ಟೈಪ್ 11ಕ್ಕೂ ದಾರಿ. ದಾರಿ ಬದಲಿಸು ಎಂದು ಹೇಳುವ ಟೈಪ್ 5 ಮುಚ್ಚಿಯೇ ಇರಲಿ. ಅದನ್ನು ಯಾರು ಬೇಕಾದರೂ ಹೇಳುವುದು ಅಪಾಯ.

ತೆರೆದರೆ ಭಯವಿಲ್ಲವೇ ಎಂದು ನಾನು ಕೇಳಿದೆ. ಇದೆ. ಸುಳ್ಳು ಮಿತಿ ಹೇಳಿ ಸಂಪರ್ಕವನ್ನು ತೆವಳಿಸುವ ದಾಳಿಯನ್ನು 2010ರ ಆರ್‌ಎಫ್‌ಸಿ 5927 ವಿವರಿಸುತ್ತದೆ. ಅದಕ್ಕೆ ಪರಿಹಾರಗಳೂ ಅಲ್ಲೇ ಇವೆ: ಸಂದೇಶದೊಳಗೆ ಉಲ್ಲೇಖವಾದ ಟಿಸಿಪಿ ಕ್ರಮಸಂಖ್ಯೆ ನಿಜವಾಗಿ ಸಾಗುತ್ತಿರುವ ಸಂಪರ್ಕದ್ದೇ ಎಂದು ಸರ್ವರ್ ಪರೀಕ್ಷಿಸಬಹುದು. ಲಿನಕ್ಸ್‌ಗೆ ಇದಕ್ಕಿಂತ ಕೆಳಗಿನ ಮಿತಿಯನ್ನು ನಂಬಬೇಡ ಎಂಬ ತಳವೂ ಇದೆ, ಮೂಲ ಹೊಂದಾಣಿಕೆಯಲ್ಲಿ 552. ಐಪಿವಿ6ನಲ್ಲಂತೂ ಮುಚ್ಚುವ ಆಯ್ಕೆಯೇ ಇಲ್ಲ ಎನ್ನಬೇಕು. ಅಲ್ಲಿ ನಡುವಿನ ರೂಟರ್‌ಗಳು ತುಂಡು ಮಾಡುವುದೇ ಇಲ್ಲ, 1280ಕ್ಕಿಂತ ದೊಡ್ಡದೆಲ್ಲ ಈ ಮರುಸಂದೇಶದ ದಯೆಯಲ್ಲೇ ಇರುತ್ತದೆ.

ತಪಾಸಣೆ ಪಟ್ಟಿಯ ಪ್ರತಿ ಸಾಲಿನ ಮುಂದೆ ಈಗ ಒಂದು ಖಾಲಿ ಅಂಕಣವಿದೆ: ಇದನ್ನು ಮುಚ್ಚಿದರೆ ಯಾರಿಗೆ ಯಾರ ಮಾತು ಕೇಳಿಸುವುದಿಲ್ಲ. ಅದು ತುಂಬದೆ ನಿಯಮ ಜಾರಿಯಾಗುವುದಿಲ್ಲ. ಫ್ಲೋ ಲಾಗ್‌ನಲ್ಲಿ ಒಳಗಿನಿಂದ ಒಳಗಿಗೇ ತಿರಸ್ಕೃತವಾದ ಪ್ಯಾಕೆಟ್ ಕಂಡರೆ ನಾವು ಅದನ್ನು ಹೆಗ್ಗಳಿಕೆಯೆಂದು ವರದಿಗೆ ಹಾಕುವುದಿಲ್ಲ, ದೂರು ಎಂದು ದಾಖಲಿಸುತ್ತೇವೆ.

ಎರಡು ತಿಂಗಳ ನಂತರ ಭದ್ರತಾ ತಂಡದವರು ಒಂದು ವಿಚಿತ್ರ ತಂದರು. ಕ್ಲೌಡ್ ಸರ್ವರ್‌ಗಳಿಂದ ಕಚೇರಿಯ ಲಾಗ್ ಸರ್ವರ್‌ಗೆ ಯುಡಿಪಿಯಲ್ಲಿ ಬರುವ ಸಂದೇಶಗಳಲ್ಲಿ ಕೆಲವು ಕಾಣೆಯಾಗುತ್ತಿವೆ. ಸಣ್ಣವು ಬರುತ್ತವೆ, ತುಂಬಾ ಉದ್ದದವೂ ಬರುತ್ತವೆ, ನಡುವಿನ ಒಂದು ಗಾತ್ರದವು ಮಾತ್ರ ಇಲ್ಲ. ಈ ಸಲ ನಾನು ಯಾರನ್ನೂ ಕೇಳಲಿಲ್ಲ, ಕಾಗದ ತೆಗೆದುಕೊಂಡೆ. 1410 ಬೈಟ್‌ವರೆಗಿನವು ಟನಲ್‌ನಲ್ಲಿ ಹಿಡಿಸುತ್ತವೆ. 1472 ಮೀರಿದವು ಸರ್ವರ್‌ನ ಸ್ವಂತ ಮಿತಿಯನ್ನೇ ಮೀರುವುದರಿಂದ ಲಿನಕ್ಸ್ ತಾನೇ ತುಂಡು ಮಾಡಿ, ಡಿಎಫ್ ಬಿಟ್ ಇಲ್ಲದೆ ಕಳಿಸುತ್ತದೆ. ಗೇಟ್‌ವೇ ಬೇಕೆಂದರೆ ಅವನ್ನು ಮತ್ತೂ ತುಂಡು ಮಾಡಬಹುದು. 1411ರಿಂದ 1472ರವರೆಗಿನವು ಮಾತ್ರ ಡಿಎಫ್ ಹೊತ್ತು ಹೊರಟು ಗೇಟ್‌ವೇಯಲ್ಲಿ ಸಾಯುತ್ತವೆ. ಕಾಣೆಯಾದವೆಲ್ಲ ಎರಡನೇ ವಲಯದ ಸರ್ವರ್‌ಗಳವು. ಆ ವಲಯದ ನಿಯಮಪಟ್ಟಿ ತೆರೆದು ನೋಡಿದೆ: ಟೈಪ್ 8, ಟೈಪ್ 0, ಮಿಕ್ಕದ್ದೆಲ್ಲ ತಿರಸ್ಕೃತ. ಅಂದು ನಾನು ತಿದ್ದಿದ್ದು ಮೊದಲನೇ ವಲಯದ್ದನ್ನು ಮಾತ್ರ.